ಷರಾ

ಖಜಾನೆಗೆ ಬಂದದ್ದು ಒಂದು ಕೈಗಡಿಯಾರ.
ಮೇಜಿನ ಮೇಲಿಟ್ಟು ಎಂಜಿನಿಯರ್ ತಿಪ್ಪೇಶ್ ಅಂದರು:
"ಅವರ ಸರ್ಕಾರದವರು ಕೊಟ್ಟಿದ್ದು. ಬೇಡ ಅಂದರೆ ಅವಮಾನವಂತೆ,
ಇಟ್ಟುಕೊಂಡರೆ ನಿಯಮ ಬಿಡೋದಿಲ್ಲ. ಬರಕೊಳ್ಳಿ."

ತುಂಗೆಯನ್ನು ಮನೆಮನೆಗೆ ಅಳೆದು ಕೊಡುವ ಮೀಟರು
ಯಾವ ದೇಶದ್ದಾಗಬೇಕೆಂದು ತೀರ್ಮಾನಿಸುವ
ಐದು ಜನರಲ್ಲಿ ಅವರೂ ಒಬ್ಬರು.

ಗಾಂಧಿ ಬಜಾರಿನಿಂದ ಪುರಂದರ ರಾಯ್ಕರ್ ಬಂದರು,
ಕಿಸೆಯಲ್ಲಿ ಒರೆಗಲ್ಲು, ಕಣ್ಣಿಗೆ ಭೂತಗನ್ನಡಿ.
ಬೆನ್ನು ಬಿಚ್ಚಿ ನೋಡಿದರು, ಮುಚ್ಚಿದರು, ತೂಗಿದರು.
"ಪಟ್ಟಿ ಬಿಟ್ಟು ನಲವತ್ತೊಂದು ಗ್ರಾಂ."
"ಮತ್ತೆ ಹಂಗು?" ಅಂದೆ, ತಮಾಷೆಗೆ.
"ಅದಕ್ಕೆ ನನ್ನ ತಕ್ಕಡಿ ಸಾಲದು ಮಾರಾಯರೆ.
ತಿಂದವನ ನಾಲಿಗೆ ಮೇಲೆ ತೂಗಬೇಕು ಅದನ್ನ,
ಅವನು ಮಾತಾಡಬೇಕಾದ ದಿನ."

ಕ್ರಮ ಸಂಖ್ಯೆ, ದಿನಾಂಕ, ವಸ್ತು, ಕೊಟ್ಟವರು, ಮೌಲ್ಯ.
ಅರಗು ಕರಗಿಸಿ ಮೊಹರು ಒತ್ತುವಾಗ ಬೆರಳ ತುದಿ ಸುಟ್ಟಿತು.
ಷರಾ ಅನ್ನುವ ಕೊನೆಯ ಅಂಕಣ ಖಾಲಿ ಬಿಟ್ಟೆ.
ಇಪ್ಪತ್ತಾರು ವರ್ಷದ ನೌಕರಿ ಕಲಿಸಿದ್ದು ಇಷ್ಟು:
ಷರಾಕ್ಕೆ ಆತುರ ಕೂಡದು.

ಲಕೋಟೆಯೊಳಗೆ ಅದು ನಡೆಯುತ್ತಲೇ ಇತ್ತು.
ಶಿವಮೊಗ್ಗದಲ್ಲಿ ಹಗಲು ಹನ್ನೊಂದೂವರೆ,
ಅರಗಿನ ಕೆಳಗೆ ಬೆಳಗಿನ ಏಳು:
ಅಲ್ಲಿ ಯಾರೋ ಈಗಷ್ಟೇ ಹಲ್ಲುಜ್ಜುತ್ತಿದ್ದಾರೆ,
ನಮ್ಮ ನೀರಿನ ಬಗ್ಗೆ ಯೋಚಿಸುತ್ತ.

ಮಂಗಳವಾರ ಗುಲಾಬಿ ಬಂದಳು, ಮಂಡಗದ್ದೆಯವಳು.
ಅವ್ವನ ವಿಧವಾ ವೇತನ ನಾಲ್ಕು ತಿಂಗಳಿಂದ ನಿಂತಿತ್ತು.
ಕಡತ ಹುಡುಕುತ್ತ, ಸುಮ್ಮನೆ, ಏನು ಕೆಲಸ ಅಂದೆ.

"ಎಂಜಿನಿಯರ ಹೆಂಡತಿ ಹೋಂಸ್ಟೇಲಿ, ಸಾರ್.
ಹದಿನಾಲ್ಕು ರೂಮು. ವರ್ಷಪೂರ್ತಿ ಬುಕ್ಕು.
ಯಾವುದೋ ಹೊರದೇಶದ ಕಚೇರಿಯೋರಂತೆ, ಒಬ್ಬರೂ ಬರಲ್ಲ.
ದಿನಾ ಹಾಸಿಗೆ ಬದಲಿಸ್ತೀನಿ, ಯಾರೂ ಮಲಗದ ಹಾಸಿಗೆ.
ಕಡುಬು ಬೇಯಿಸ್ತೀವಿ, ಸಂಜೆ ಹಸುವಿಗೆ ಹಾಕ್ತೀವಿ.
ರಿಜಿಸ್ಟರಲ್ಲಿ ಹೆಸರು ಮಾತ್ರ ಭರ್ತಿ. ದುಡ್ಡೂ
ತಿಂಗಳು ತಪ್ಪದೆ ಬರುತ್ತೆ, ಅಮ್ಮಾವ್ರೇ ಹೇಳಿದ್ರು."

ಏನು ಹೇಳಿದೆನೆಂದು ಅವಳಿಗೆ ಗೊತ್ತಿರಲಿಲ್ಲ.
"ಅವ್ವಂದು ಆಗುತ್ತಾ ಸಾರ್?" ಅಂದಳು ಮತ್ತೆ.
ಒಂದು ಸಹಿ ಬಾಕಿ ಇತ್ತು, ಅಷ್ಟೇ. ಹತ್ತು ನಿಮಿಷ.

ಅಡಿಕೆಗೆ ಹೋದ ಮಾನ ಅನ್ನುತ್ತಾರೆ.
ನಮ್ಮ ನಿಯಮ ಅಡಿಕೆಯನ್ನು ಸರಿಯಾಗಿಯೇ ಹಿಡಿಯಿತು,
ತೂಗಿತು, ಮೊಹರು ಹಾಕಿತು, ಕಬ್ಬಿಣದ ಪೆಟ್ಟಿಗೆಗಿಟ್ಟಿತು.
ಆನೆ ಮಂಡಗದ್ದೆಯ ದಾರಿ ಹಿಡಿದು ಹೋಯಿತು,
ಹಾಡುಹಗಲು, ಗಂಟೆ ಕಟ್ಟಿಕೊಂಡು.

ತಿಪ್ಪೇಶರು ಕೆಟ್ಟವರಲ್ಲ. ಸಿಕ್ಕರೆ ಈಗಲೂ ಕೈಮುಗಿಯುತ್ತಾರೆ.
ಗಡಿಯಾರ ಒಪ್ಪಿಸಿ ಕೈ ತೊಳೆದುಕೊಂಡದ್ದೂ ಸುಳ್ಳಲ್ಲ,
ತುಂಗೆಯಲ್ಲೇ ತೊಳೆದುಕೊಂಡರು,
ಇನ್ನೂ ಮೀಟರು ಕೂಡದ ನೀರಲ್ಲಿ.
ಆದರೆ ಒಂದೇ ನಾಲಿಗೆಗೆ ಎರಡು ಮನೆಯ ಉಪ್ಪು ತಾಗಿದರೆ
ಯಾವ ಮನೆಯ ಮಾತು ಹೊರಡುತ್ತದೆಂದು
ಆ ನಾಲಿಗೆಗಾದರೂ ಗೊತ್ತಾಗುತ್ತದೆಯೆ?

ಐದೂವರೆ. ಎಲ್ಲರೂ ಹೋದರು. ಫ್ಯಾನು ನಿಲ್ಲಿಸಿದೆ.
ಪೆಟ್ಟಿಗೆಯ ಕಬ್ಬಿಣದಾಚೆ ಟಿಕ್ ಟಿಕ್,
ನನ್ನ ಭ್ರಮೆಯೂ ಇರಬಹುದು.
ವರ್ಗಾವಣೆಯ ಪಟ್ಟಿ ಬರುವ ತಿಂಗಳು ಇದು,
ಮಗಳ ಪರೀಕ್ಷೆ ಮುಂದಿನ ವಾರ.

ರಿಜಿಸ್ಟರು ತೆಗೆದೆ. ಷರಾ. ಬರೆದೆ:
"ಗಡಿಯಾರ ನಡೆಯುತ್ತಿದೆ, ನಮ್ಮ ಸಮಯಕ್ಕಲ್ಲ.
ಈ ನಮೂದನ್ನು ಮಂಡಗದ್ದೆಯ ಇನ್ನೊಂದು ರಿಜಿಸ್ಟರಿನೊಂದಿಗೆ
ಓದಿಕೊಳ್ಳತಕ್ಕದ್ದು."

ಇಂಥ ಕಡೆ ಎರಡಕ್ಷರ ಗೀಚಿದರೆ ಸಾಕು.
ಇವತ್ತು ಪೂರ್ತಿ ಹೆಸರು ಬರೆದೆ,
ಅಪ್ಪನ ಹೆಸರು ಸೇರಿಸಿ.